ಹಗ್ಗ ಕೊಡುವ ಪದ್ಧತಿ ನಮ್ಮಲ್ಲಿಲ್ಲ

ಮಾರಿಕಣಿವೆಯ ನೀರು ಈಗಲೂ ನನ್ನ ಕನಸಿಗೆ ಬರುತ್ತದೆ. ಬರುವಾಗ ಮಂಜು ಹೊದ್ದುಕೊಂಡೇ ಬರುತ್ತದೆ. ನಿಜ ಹೇಳಬೇಕೆಂದರೆ ಅಲ್ಲಿ ಮಂಜು ಬೀಳುತ್ತಿದ್ದುದು ಚಳಿಗಾಲದ ಕೆಲವು ಬೆಳಗುಗಳಲ್ಲಿ ಮಾತ್ರ. ಉಳಿದ ದಿನವೆಲ್ಲ ಬಿಸಿಲು, ಗಾಳಿ, ಜಾಲಿಮುಳ್ಳು. ಆದರೆ ನೆನಪು ತನಗೆ ಬೇಕಾದ್ದನ್ನಷ್ಟೇ ಇಟ್ಟುಕೊಳ್ಳುತ್ತದೆ, ನಾನೇನು ಮಾಡಲಿ? ಆ ಮಂಜಿನೊಳಗಿಂದ ಐದು ಹೆಂಚಿನ ಮನೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಬೇವಿನ ಮನೆ, ಹುಣಸೆ ಮನೆ, ಹೊಂಗೆ ಮನೆ, ಅತ್ತಿ ಮನೆ, ಕೊನೆಗೆ ನೀರಿಗೆ ಹತ್ತಿರವಾಗಿ, ಪಕ್ಕದಲ್ಲಿ ಮರವೇ ಇಲ್ಲದ ಬೋಳು ಮನೆ. ನಡುವೆ ಬಾವಿ. ಬಾವಿಯ ಪಕ್ಕ ಅಡುಗೆಮನೆ, ಅದರ ಹೆಂಚಿನ ಸಂದಿಯಿಂದ ಏಳುವ ಹೊಗೆ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಆ ಮನೆಗಳಿಗೆ ಸೊಸೆಯಾಗಿ ಹೋದೆ. ಅಣೆಕಟ್ಟು ನೋಡಲು ಬಂದವರು ನಾಲ್ಕು ದಿನ ಉಳಿಯಲಿ ಎಂದು ನಮ್ಮ ಮಾವ ಕಟ್ಟಿಸಿದ್ದವು ಅವು. ಮಾವನದು ಶ್ರೀರಾಂಪುರದ ಕಡೆಯ ಕುರಿ ಕಾಯುವ ಮನೆತನ. ಒಮ್ಮೆ ಹಿಂಡು ಹೊಡೆದುಕೊಂಡು ಕಣಿವೆಯ ಕಡೆ ಬಂದಾಗ, ಪೇಟೆಯ ಒಂದು ಸಂಸಾರ ಮರದ ಕೆಳಗೆ ಬುತ್ತಿ ಬಿಚ್ಚಿ, ಸಂಜೆತನಕ ನೀರು ನೋಡಿ, "ಇಲ್ಲೇ ಮಲಗೋಕೆ ಒಂದು ಸೂರಿದ್ದಿದ್ರೆ" ಎಂದು ಹಲುಬುತ್ತಾ ಕೊನೆಯ ಬಸ್ಸಿಗೆ ಓಡಿದ್ದನ್ನು ಕಂಡರಂತೆ. ಕುರಿ ಮಾರಿದರು, ಸೂರು ಕಟ್ಟಿದರು. ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವನಿಗೆ ಅಷ್ಟೇ ಸಾಕಾಯಿತು. ನಗುವವರ ಮುಂದೆ ಸೋಲುವ ಜಾತಿಯವರಲ್ಲ ಅವರು.

ಸುಮ್ಮನೆ ಕೂರಲು ದುಡ್ಡು ಕೊಡುವ ಜನರನ್ನು ನಾನು ಮೊದಲು ಕಂಡದ್ದು ಅಲ್ಲೇ. ದುರ್ಗದಿಂದ, ದಾವಣಗೆರೆಯಿಂದ, ಬೆಂಗಳೂರಿನಿಂದ ಬರುತ್ತಿದ್ದರು. ಹೊಸದಾಗಿ ಮದುವೆಯಾದವರು, ಪಿಂಚಣಿಯವರು, ಮಕ್ಕಳು ಮರಿ ಕಟ್ಟಿಕೊಂಡವರು. ಬಂದವರು ಮಾಡುತ್ತಿದ್ದುದು ಒಂದೇ ಕೆಲಸ: ಜಗಲಿಯ ಮೇಲೆ ಕುಳಿತು ನೀರು ನೋಡುವುದು. ಹೊಲದಲ್ಲಿ ಬೆಳೆದ ನನಗೆ ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಆಮೇಲಾಮೇಲೆ, ಪಾತ್ರೆ ತೊಳೆದಾದ ಮೇಲೆ ನಾನೂ ಕದ್ದು ಕೂರತೊಡಗಿದೆ. ಗಾಳಿ ನಿಂತಾಗ ಗುಡ್ಡಗಳು ನೀರೊಳಗೆ ತಲೆಕೆಳಗಾಗಿ ಮಲಗುತ್ತಿದ್ದವು. ಯಾರದೋ ಮೇಕೆಯ ಕೊರಳ ಗಂಟೆ ಆಚೆ ದಡದಿಂದ ಈಚೆಗೆ ಕೇಳುತ್ತಿತ್ತು. ಕುಳಿತಲ್ಲೇ ಎಷ್ಟು ಹೊತ್ತು ಕಳೆಯಿತೆಂದು ಗೊತ್ತಾಗುತ್ತಿರಲಿಲ್ಲ.

ನನ್ನನ್ನು ಆ ಮಂಪರಿನಿಂದ ಎಬ್ಬಿಸುತ್ತಿದ್ದುದು ಒಗ್ಗರಣೆಯ ಘಮ. ಅಡುಗೆ ಸಣ್ಣತ್ತೆಯದು. ಸಣ್ಣತ್ತೆ ಎಂದರೆ ಮಾವನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಮಾವನೇ ಹೋಗಿ ಕರೆತಂದು ಒಲೆಯ ಮುಂದೆ ಕೂರಿಸಿದ್ದರು. ಮುದ್ದೆ, ಹುರುಳಿಕಾಳಿನ ಸಾರು, ಶೇಂಗಾ ಚಟ್ನಿ. ಸಂಜೆ ನೀರಿನ ಗಾಳಿ ಶುರುವಾಗುತ್ತಲೇ ಒಗ್ಗರಣೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ. ಒಮ್ಮೆ ಉಂಡವರು ಮತ್ತೆ ಬಂದಾಗ ಬಸ್ಸಿಳಿಯುತ್ತಲೇ ಕೇಳುತ್ತಿದ್ದುದು "ಆ ಯಮ್ಮ ಇದಾರಾ?" ಎಂದು. ಇಷ್ಟಾದರೂ ಆ ಯಮ್ಮನಿಗೆಂದು ಒಂದು ಕೋಣೆ ಇರಲಿಲ್ಲ. ಮಾವನಿಗೆ ಗೇಟಿನ ಹತ್ತಿರ ಒಂದು ಕೋಣೆ, ನನಗೂ ನನ್ನ ಗಂಡನಿಗೂ ಹಿಂದುಗಡೆ ಒಂದು. ಸಣ್ಣತ್ತೆ ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಪಕ್ಕ ಕಂಬಳಿ ಹಾಸಿಕೊಳ್ಳುತ್ತಿದ್ದರು. ಅತ್ತೆ ಇಲ್ಲದ ಮನೆಗೆ ಬಂದ ನನಗೆ ಅತ್ತೆಯೂ ಅವರೇ, ತಾಯಿಯೂ ಅವರೇ. ಬೈದರೂ ಅವರು ಬೈದಂತೆ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಾವ ಬಾವಿಕಟ್ಟೆಯ ಮೇಲೆ ಕುಳಿತು, ಬೇವಿನಕಡ್ಡಿ ಬಾಯಲ್ಲೇ ಇಟ್ಟುಕೊಂಡು, "ಕನಸಲ್ಲಿ ಕುರಿ ಬಂದಿದ್ವು. ಐದೂ ಮನೆಯೊಳಗೆ ತುಂಬ್ಕಂಡಿದ್ವು. ಮಂಚದ ಮೇಲೆಲ್ಲಾ ಕುರಿನೇ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಆ ವಾರವೇ ಮನೆಗಳನ್ನು ಮಾರುವ ಮಾತೆತ್ತಿದರು. ಊರಿಗೆ ಹೋಗಿ ಮತ್ತೆ ಹಿಂಡು ಕಟ್ಟುವ ಆಸೆ. ಕುರಿ ಮಾರಿ ಮನೆ ಕಟ್ಟಿದವರು ಮನೆ ಮಾರಿ ಕುರಿ ಕಟ್ಟಲು ಹೊರಟರು. ಹೊಸದುರ್ಗದ ಆಫೀಸಿನಲ್ಲಿ ಗುಮಾಸ್ತನಾಗಿದ್ದ ನನ್ನ ಗಂಡ ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದುಹೋಗಿ ಬೇಸತ್ತಿದ್ದ. ಅವನೂ ಹೂಂ ಎಂದ. ನನಗೂ ಹೊಸದುರ್ಗದಲ್ಲಿ ಸಂಸಾರ ಹೂಡುವ ಖುಷಿ. ಸಣ್ಣತ್ತೆ ಏನಂದರು ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ.

ಕೊಳ್ಳಲು ಬಂದವರು ದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಲಾಡ್ಜು ನಡೆಸುತ್ತಿದ್ದ ಸಾಹುಕಾರರು. ಬಿಳಿ ಪಂಚೆ, ಮೆತ್ತನೆ ಮಾತು. ಅವರದು ಒಂದೇ ಷರತ್ತು. "ಖಾಲಿ ಮನೆ ನಂಗೆ ಬ್ಯಾಡ್ರಿ. ನಡೀತಿರೋ ವ್ಯಾಪಾರ ಬೇಕು. ಒಲೆ ಉರೀತಿರಬೇಕು, ಮಂಚದ ಮೇಲೆ ಜನ ಇರಬೇಕು. ಯುಗಾದಿ ಕಳೀಲಿ, ಬಂದು ಎರಡು ದಿನ ಇದ್ದು ನೋಡ್ತೀನಿ" ಎಂದು ಹೇಳಿ ಹೋದರು.

ಯುಗಾದಿ ಕಳೆದ ಮೇಲೆ ಕಣಿವೆಗೆ ಯಾರು ಬರುತ್ತಾರೆ? ನೀರು ಒಳಕ್ಕೆ ಸರಿದು, ದಂಡೆಯಲ್ಲಿ ಬಿರುಕುಬಿಟ್ಟ ಮಣ್ಣು ಕಾಣುವ ಕಾಲ. ಐದು ಮನೆಯಲ್ಲೂ ಗುಬ್ಬಿಗಳೇ ಗಿರಾಕಿಗಳು. ಮಾವ ಯೋಚಿಸಿದರು, ಊರಿಗೆ ಹೋದರು, ಮರುದಿನ ನಮ್ಮ ನೆಂಟರನ್ನೇ ಬಸ್ಸಿನ ತುಂಬ ಕರೆದುಕೊಂಡು ಬಂದರು. ಗೇಟಿನ ಬಳಿ ನಿಲ್ಲಿಸಿ ಪಾಠ ಹೇಳಿಕೊಟ್ಟರು: "ನೀವೆಲ್ಲಾ ದಾವಣಗೆರೆಯೋರು. ಯಾರೂ ಕೆಲಸ ಮುಟ್ಟಬ್ಯಾಡ್ರಿ. ಸುಮ್ನೆ ಕುಂತ್ಕಂಡು ನೀರು ನೋಡ್ರಿ."

ಅಯ್ಯೋ, ಸುಮ್ಮನೆ ಕೂರುವುದು ಅಷ್ಟು ಸುಲಭವೇ! ಸಾಹುಕಾರರು ಬಂದು ಬೇವಿನ ಮನೆಯ ಜಗಲಿಯಲ್ಲಿ ಕುಳಿತ ಸ್ವಲ್ಪ ಹೊತ್ತಿಗೆಲ್ಲ ನಮ್ಮ ದಾವಣಗೆರೆಯವರ ಕೈ ತುರಿಸತೊಡಗಿತು. ಒಬ್ಬ ಚಿಕ್ಕಪ್ಪ ಚೀಲದಿಂದ ಉಣ್ಣೆ ತೆಗೆದು ನೂಲುತ್ತಾ ಅಂಗಳದ ತುಂಬ ಓಡಾಡಿದ. ಇನ್ನೊಬ್ಬ ಬೇಲಿಯ ಮುಳ್ಳು ಸರಿಮಾಡಿದ. ಹೆಂಗಸರು ಕಸ ಗುಡಿಸಿ, ನೀರು ಹೊಡೆದು, ಐದೂ ಬಾಗಿಲಿಗೆ ರಂಗೋಲಿ ಇಟ್ಟರು. ಮಂಚಗಳನ್ನು ಹಾಗೇ ಬಿಟ್ಟು ಅಂಗಳದಲ್ಲಿ ಕಂಬಳಿ ಹಾಸಿ ಒರಗಿದರು. ಎಲ್ಲರಿಗಿಂತ ಹಿರಿಯಜ್ಜ ನೇರ ಸಾಹುಕಾರರ ಹತ್ತಿರ ಹೋಗಿ, "ನೀವು ಯಾರ ಪೈಕಿಯೋರಪ್ಪಾ?" ಎಂದು ವಿಚಾರಿಸಿದ. ಉಂಡಾದ ಮೇಲಂತೂ ಸಾಲಾಗಿ ಎದ್ದು, ತಮ್ಮ ತಮ್ಮ ತಟ್ಟೆ ತಾವೇ ತೊಳೆದು ಬೋರಲು ಹಾಕಿದರು. ಮಾವ ಕಣ್ಣಲ್ಲೇ ಗದರಿ ಗದರಿ ಸೋತರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆ.

ಸಾಹುಕಾರರು ಎಲ್ಲವನ್ನೂ ನೋಡುತ್ತಾ ಕೊನೆಯವರಾಗಿ ಉಣ್ಣುತ್ತಿದ್ದರು. "ನಿಮ್ಮ ಗಿರಾಕಿಗಳು ಭಾಳ ಒಳ್ಳೆಯೋರು ಕಣ್ರಿ. ನನ್ನ ಲಾಡ್ಜಲ್ಲಿ ಇಲ್ಲೀಗಂಟ ಒಬ್ಬನೂ ತಟ್ಟೆ ತೊಳೆದಿಲ್ಲ" ಎಂದರು. ಅಜ್ಜನಿಂದ ಹಿಡಿದು ಎಲ್ಲರೂ ಗೊಳ್ಳೆಂದರು. ಮಾವ ತಲೆ ತಗ್ಗಿಸಿ ತಾವೂ ನಕ್ಕರು. ಅಲ್ಲಿಗೆ ವ್ಯಾಪಾರ ಮುರಿಯಿತು ಎಂದುಕೊಂಡೆ. ಆದರೆ ಸಾಹುಕಾರರು ಇನ್ನೊಂದು ಸೌಟು ಸಾರು ಹಾಕಿಸಿಕೊಂಡು, "ಮಂಚ ಹೆಂಚು ಎಲ್ಲಾ ಕಡೆ ಸಿಗ್ತವೆ. ಈ ಕೈಯೂಟ ಸಿಗಲ್ಲ. ಈ ಯಮ್ಮ ಇಲ್ಲೇ ಇರೋದಾದ್ರೆ ತಗಂತೀನಿ. ಇಲ್ಲಾಂದ್ರೆ ಬ್ಯಾಡ" ಎಂದರು.

"ಇರ್ತಾಳೆ ಬಿಡ್ರಿ. ಎಲ್ಲಿಗೋಗ್ತಾಳೆ?" ಎಂದರು ಮಾವ.

ಸಣ್ಣತ್ತೆ ಆಗ ಮಜ್ಜಿಗೆ ಬಡಿಸುತ್ತಿದ್ದರು. ಕೈ ಒಂದು ಗಳಿಗೆ ನಿಂತಿತು. ಮತ್ತೆ ಬಡಿಸಿದರು.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಸಾಹುಕಾರರು ಹೊರಟ ಮೇಲೆ ಮಾವನ ಎದುರು ನಿಂತು, "ಮಾವ, ಅವರನ್ನ ಒಂದು ಮಾತು ಕೇಳಿದ್ರಾ?" ಎಂದೆ. "ಕೇಳೋದೇನೈತವ್ವಾ? ಅನ್ನ ಐತೆ, ನೆರಳೈತೆ. ಊರಿಗೆ ಬಂದು ನನ್ನ ಹಿಂದೆ ಕುರಿ ಕಾಯ್ತಾಳಾ?" ಎಂದರು. ಮಾವ ಕೆಟ್ಟವರಲ್ಲ. ತಂಗಿಗೆ ಒಂದು ದಿನವೂ ಜೋರುಮಾಡಿದವರಲ್ಲ. ಅದಕ್ಕೇ ನನ್ನ ಸಿಟ್ಟು ಇನ್ನಷ್ಟು ಏರಿತು. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಗಂಡನಿಗೆ ಹೇಳಿದರೆ, "ಆಗೋ ಕೆಲಸದಲ್ಲಿ ಕಲ್ಲು ಹಾಕ್ಬೇಡ" ಎಂದು ಮಗ್ಗುಲಾದ.

ಮಾರನೆಯ ದಿನ ಬಟ್ಟೆ ಒಗೆಯಲು ನೀರಿಗಿಳಿದಾಗ ಸಣ್ಣತ್ತೆಯನ್ನೇ ಕೇಳಿದೆ. ನೀರು ಬಹಳ ದೂರ ಹೋಗಿತ್ತು. ಮೆತ್ತನೆ ಮಣ್ಣಿನಲ್ಲಿ ಹೆಜ್ಜೆ ಹೂಳುತ್ತಾ ನಡೆಯಬೇಕಿತ್ತು. ಬೆಳ್ಳಕ್ಕಿಗಳು ನಮ್ಮನ್ನು ನೋಡಿಯೂ ನೋಡದಂತೆ ನಿಂತಿದ್ದವು. ಅವರು ಸೀರೆ ಹಿಂಡುತ್ತಾ ಹೇಳಿದರು: "ಅಪ್ಪ ಕೊಟ್ಟ, ಹೋದೆ. ಅಣ್ಣ ಕರ್ಕಂಬಂದ, ಬಂದೆ. ಈಗ ಇರು ಅಂದ. ಈ ನೀರು ಬಿಟ್ಟೋಗೋಕೆ ನಂಗೂ ಮನಸಿಲ್ಲ ಕಣೇ. ಬಾಯಿಬಿಟ್ಟು ಒಂದ್ಸಲ ಕೇಳಿದ್ರೆ ನಾನೇ ಇರ್ತೀನಿ ಅಂತಿದ್ದೆ. ಮಂಚದ ಜತೆ ಮಂಚ, ಕೊಡದ ಜತೆ ಕೊಡ ಅಂದಂಗೆ ಲೆಕ್ಕಕ್ಕೆ ಸೇರಿಸಿಬಿಟ್ನಲ್ಲ." ಅವರ ದನಿಯಲ್ಲಿ ಅಳು ಇರಲಿಲ್ಲ. ನನಗೆ ಅಳು ಬಂತು.

ಮನೆ ಒಪ್ಪಿಸುವ ದಿನ ಬೆಳಿಗ್ಗೆಯೇ ಸಾಹುಕಾರರು ಬಂದರು. ನಮ್ಮ ಗಂಟುಮೂಟೆ ಗೇಟಿನ ಬಳಿ ಇದ್ದವು. ಮಾವ ಬೀಗದ ಕೈಗಳನ್ನು ಒಂದೊಂದಾಗಿ ಒಪ್ಪಿಸಿದರು, ಮಂಚ, ಹಾಸಿಗೆ, ಕಂದೀಲು ಎಲ್ಲ ತೋರಿಸಿದರು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು, ಮಾತಿನಂತೆ ಬೆಂಕಿ ಆರಿರಲಿಲ್ಲ. ಕೊನೆಗೆ ಮಾವ ಬಾವಿಯ ಹತ್ತಿರ ಹೋಗಿ, ರಾಟೆಯಿಂದ ಹಗ್ಗ ಬಿಚ್ಚಿ, ಸುತ್ತಿ ಹೆಗಲಿಗೆ ಹಾಕಿಕೊಂಡರು.

"ಅದ್ಯಾಕ್ರಿ ಹಗ್ಗ ತಗಂಡೋಗ್ತೀರಾ? ನೀರು ಸೇದೋದು ಹೆಂಗೆ?" ಎಂದರು ಸಾಹುಕಾರರು.

"ತಪ್ಪು ತಿಳ್ಕಬ್ಯಾಡ್ರಿ. ಹಗ್ಗ ಕೊಡೋ ಪದ್ಧತಿ ನಮ್ಮಲ್ಲಿಲ್ಲ. ದನ ಮಾರಿದ್ರೂ ಕೊರಳ ಹಗ್ಗ ಬಿಚ್ಕಂತೀವಿ. ಹಗ್ಗ ಕೊಟ್ರೆ ಕೊಟ್ಟಿಗೆ ಲಕ್ಷ್ಮಿ ಅದರ ಹಿಂದೇನೇ ಹೊಂಟೋಗ್ತಾಳೆ. ಇಷ್ಟು ದಿನ ಅನ್ನ ಕೊಟ್ಟ ಜಾಗ, ನೆಪ್ಪಿಗೆ ಏನಾದ್ರೂ ನಮ್ಮ ಮನೆಗೆ ಉಳೀಬೇಕಲ್ಲ" ಎಂದರು ಮಾವ. ಸಾಹುಕಾರರು ಒಪ್ಪಿ ತಲೆಯಾಡಿಸಿದರು.

ಅಡುಗೆಮನೆಯ ಬಾಗಿಲಲ್ಲಿ ಸಣ್ಣತ್ತೆ ನಿಂತಿದ್ದರು. ಕೈಯಲ್ಲಿ ಸೌಟು ಹಾಗೇ ಇತ್ತು. "ಅಣ್ಣಾ," ಎಂದರು, "ಹಂಗಾರೆ ನಾನು ಯಾವ್ದು? ದನಾನೋ, ಹಗ್ಗನೋ?"

ಒಲೆಯಲ್ಲಿ ಅನ್ನ ಉಕ್ಕಿ ಬೆಂಕಿಗೆ ಬಿದ್ದ ಸದ್ದು ಕೇಳಿಸಿತು. ಮಾವನ ಮುಖ ನೋಡಲಾಗಲಿಲ್ಲ ನನಗೆ. ಹೆಗಲ ಹಗ್ಗವನ್ನು ಹಿಡಿದುಕೊಂಡು, ಅವರು ಬಾವಿಕಟ್ಟೆಯ ಮೇಲೆ ಕುಳಿತರು. "ತಪ್ಪಾತು ತಂಗೆವ್ವ. ಹೇಳು, ನಿಂಗೇನು ಬೇಕು? ಊರಿಗೆ ಹೋಗಾಣ ಅಂದ್ರೆ ಈಗ್ಲೇ ಹೋಗಾಣ. ಈ ವ್ಯಾಪಾರ ಮುರುದ್ರೂ ಮುರೀಲಿ" ಎಂದರು. ಹೊಸ ಹಿಂಡು, ಕನಸು, ಎಲ್ಲವನ್ನೂ ಆ ಒಂದು ಮಾತಿನಲ್ಲಿ ಕೆಳಗಿಟ್ಟಿದ್ದರು.

ಸಣ್ಣತ್ತೆ ಸಾಹುಕಾರರ ಕಡೆ ತಿರುಗಿದರು. "ನಾನಿರ್ತೀನಿ. ಆದ್ರೆ ಒಲೆ ಮಗ್ಗುಲಲ್ಲಿ ಮಲಗಲ್ಲ. ಆ ಬೋಳು ಮನೆ ನಂಗಿರಲಿ. ಅದಕ್ಕೆ ಗಿರಾಕಿ ಬಿಡಬಾರದು. ಚಿಲಕ ಒಳಗಿಂದ ನಾನು ಹಾಕ್ಕಬೇಕು, ಬೀಗ ಹೊರಗಿಂದ ನಾನು ಹಾಕ್ಕಬೇಕು."

ಸಾಹುಕಾರರು ಕೈಯಲ್ಲಿದ್ದ ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸಿ, "ಆಗ್ಲಿ ತಾಯಿ" ಎಂದು ಕೊಟ್ಟರು. ಸಣ್ಣತ್ತೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಣ್ಣನ ಹತ್ತಿರ ಬಂದು ಹೆಗಲ ಮೇಲಿನ ಹಗ್ಗ ತೆಗೆದುಕೊಂಡರು. "ಹಗ್ಗ ಹೊರಗಿನೋರಿಗೆ ಕೊಡಬಾರದು, ಅಷ್ಟೇ ಅಲ್ವೇನಣ್ಣಾ? ನಾನು ಮನೆಯೋಳು" ಎಂದು ಬಾವಿಗೆ ಹೋಗಿ ರಾಟೆಗೆ ಹಾಕಿ ಒಂದು ಕೊಡ ನೀರು ಸೇದಿದರು. ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖಮಾಡಿ ಹೊಸದುರ್ಗದತನಕ ಅಳುತ್ತಲೇ ಇದ್ದೆ.

ಮುಂದಿನ ಮಳೆಗಾಲ ಕಳೆದ ಮೇಲೆ ಮಾವ ಮತ್ತು ನಾನು ಅವರನ್ನು ನೋಡಲು ಹೋದೆವು. ನೀರು ಮತ್ತೆ ದಂಡೆಗೆ ಬಂದಿತ್ತು. ಬೋಳು ಮನೆಯ ಪಕ್ಕದಲ್ಲಿ ಮೊಣಕಾಲೆತ್ತರದ ಹೊಂಗೆ ಸಸಿ, ಸುತ್ತ ಮುಳ್ಳಿನ ಬೇಲಿ. ಮಾವ ತಮ್ಮ ಕುರಿಗಳ ಸುದ್ದಿ ಹೇಳಿದರು, ಸಣ್ಣತ್ತೆ ಗಿರಾಕಿಗಳ ಸುದ್ದಿ ಹೇಳಿದರು. ಜಗಲಿಯ ಮೇಲೆ ನಮ್ಮಿಬ್ಬರನ್ನು ಕೂರಿಸಿ ಮುದ್ದೆ ಬಡಿಸಿದರು. ಉಂಡು ಮುಗಿಸಿದ ಮಾವ ಅಭ್ಯಾಸದಂತೆ ತಟ್ಟೆ ಎತ್ತಿಕೊಂಡು ಬಾವಿಯ ಕಡೆ ಎದ್ದರು. ಸಣ್ಣತ್ತೆ ಕೈಯಡ್ಡ ಹಿಡಿದರು.

"ಇಡಣ್ಣಾ. ನನ್ನ ಮನೆಗೆ ಬಂದ ನೆಂಟರು ತಟ್ಟೆ ತೊಳೀಬಾರದು."

ಮಾವ ತಟ್ಟೆ ಕೆಳಗಿಟ್ಟರು. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು, ಸುಮ್ಮನೆ ನೀರು ನೋಡುತ್ತಾ ಕುಳಿತರು.