ಆರುನೂರು ಕುರ್ಚಿಯ ಖುದ್ದೂಸ್

ಅಲ್ಲಾಳಸಂದ್ರದ ಖುದ್ದೂಸ್ ಇಪ್ಪತ್ತೆರಡು ವರ್ಷದಿಂದ ಶಾಮಿಯಾನ ಹಾಕುತ್ತಿದ್ದಾರೆ. ಮದುವೆ, ತಿಥಿ, ಗಣೇಶ, ಉರುಸು, ಪಕ್ಷದ ಸಭೆ. ಯಾವ ಪಕ್ಷವಾದರೂ ಸರಿ. ಬಾವುಟ ಅವರದು, ಕುರ್ಚಿ ಇವರದು. ಸಭೆ ಹನ್ನೊಂದಕ್ಕಿದ್ದರೆ ಎಂಟಕ್ಕೇ ಕುರ್ಚಿ ಹಾಕಿ ಮುಗಿಸಿರುತ್ತಾರೆ.

ಹೋದ ತಿಂಗಳು ಸಹಕಾರನಗರದ ಮೈದಾನದಲ್ಲಿ ಒಂದು ಪಕ್ಷದ ಸಭೆಗೂ ಹಾಗೇ ಮುಗಿಸಿದ್ದರು. ಎಂಟೂವರೆಗೆ ಯಾರೋ ಫೋಟೊ ಹೊಡೆದುಕೊಂಡು ಹೋದರು. ಮಧ್ಯಾಹ್ನ ಒಂದು ಆನ್‌ಲೈನ್ ಪತ್ರಿಕೆಯಲ್ಲಿ ಆ ಖಾಲಿ ಕುರ್ಚಿಗಳು, ಮೇಲೆ ‘ಸಭೆಗೆ ಬೆನ್ನು ತಿರುಗಿಸಿದ ಜನ’. ಇನ್ನೊಂದರಲ್ಲಿ ‘ಹತ್ತು ಸಾವಿರ ಜನಸಾಗರ’. ಒಂದೇ ಮೈದಾನ, ಒಂದೇ ಸಭೆ!

ಸಂಜೆ ಆ ಪಕ್ಷದ ವಾರ್ಡ್ ಮುಖಂಡ ಮುನಿವೆಂಕಟಯ್ಯ ಅಂಗಡಿಗೇ ಬಂದರು.

“ಏನ್ ಭಾಯ್, ಫೋಟೊ ಕೊಟ್ಟಿದ್ದು ನೀವೇ ಅಂತೆ? ಆ ಕಡೆಯವರಾಗ್ಬಿಟ್ರಾ?”

“ಅಣ್ಣಾ, ನಿಮ್ಮ ಮಗಳ ಮದುವೆಗೂ ಚಪ್ಪರ ಹಾಕಿದ್ದು ನಾನೇ ಕಣಣ್ಣಾ.”

“ಅದ್ ಬಿಡಿ. ನಾಡಿದ್ದರೊಳಗೆ ಆ ಸುದ್ದಿ ತೆಗೆಸಿ. ಇಲ್ದಿದ್ರೆ ಈ ವಾರ್ಡಲ್ಲಿ ನಿಮ್ದು ಒಂದು ಕಂಬಾನೂ ನಿಲ್ಲಲ್ಲ.”

ಬೆಳಿಗ್ಗೆ ಖುದ್ದೂಸ್ ಖಾಲಿ ಕುರ್ಚಿಯ ಫೋಟೊ ಹಾಕಿದ್ದ ಪತ್ರಿಕೆಯ ಆಫೀಸಿಗೆ ಹೋದರು. ವರದಿಗಾರ ವಿಜಯ್ ಕುಮಾರ್ ಕೂರಿಸಿ ಟೀ ಕೊಟ್ಟ.

“ಹೆಡ್ಡಿಂಗು ನಂದಲ್ಲ ಭಾಯ್, ಡೆಸ್ಕಿನವರದು. ತೆಗೆಯೋಕಾಗಲ್ಲ. ನಡೆದಿದ್ದನ್ನ ಕ್ಯಾಮೆರಾ ಮುಂದೆ ಹೇಳಿ, ಹಾಕ್ತೀವಿ.”

ಹೇಳಿದರು. “ಫೋಟೊ ಎಂಟೂವರೆದು ಸಾರ್. ಹನ್ನೊಂದಕ್ಕೆ ನಾನು ಹಾಕಿದ ಆರುನೂರು ಕುರ್ಚಿಯೂ ತುಂಬಿತ್ತು. ಹಿಂದೆ ಜನ ನಿಂತಿದ್ರು. ಖುದಾ ಕಸಮ್.”

ಸಂಜೆಗೆ ಬಂತು: ‘ಹತ್ತು ಸಾವಿರ ಸುಳ್ಳು! ಇದ್ದದ್ದು ಆರುನೂರೇ ಕುರ್ಚಿ: ಶಾಮಿಯಾನದವನ ಬಾಯಲ್ಲೇ ಬಯಲು’. ಕುರ್ಚಿ ತುಂಬಿದ್ದನ್ನೂ ಜನ ನಿಂತದ್ದನ್ನೂ ಕತ್ತರಿಸಿ ಎಸೆದಿದ್ದರು.

“ನಿಜ ಹೇಳಿ ಬಂದ್ರಾ?” ಎಂದರು ಹೆಂಡತಿ ಕುಬ್ರಾ, ಫೋನು ಮುಂದೆ ಹಿಡಿದು. “ನೋಡಿ, ಹೆಂಗ್ ಕಾಣ್ತಿದೀರ.”

ಈ ಪತ್ರಿಕೆಗಳಿಗೆ ಪಕ್ಷ ಎಂದರೆ ಮಣ್ಣು ಮುಕ್ಕಬೇಕು, ಇಲ್ಲವೇ ಮೆರೆಯಬೇಕು. ಒಂದಷ್ಟು ಜನ ಬಂದರು, ಭಾಷಣ ಕೇಳಿದರು, ಎದ್ದು ಹೋದರು ಎಂದು ಬರೆದರೆ ಫೋನಿನಲ್ಲಿ ಆ ಸುದ್ದಿಯನ್ನು ಯಾರು ಒತ್ತುತ್ತಾರೆ? ಒತ್ತದಿದ್ದರೆ ಇವರ ಹೊಟ್ಟೆ ತುಂಬುವುದಿಲ್ಲ. ಖುದ್ದೂಸರ ಹೊಟ್ಟೆಯ ಮಾತು ಯಾವ ಡೆಸ್ಕಿನಲ್ಲೂ ಬಂದಿರಲಿಕ್ಕಿಲ್ಲ.

ಮರುದಿನ ಎದುರು ಪಕ್ಷದವನೊಬ್ಬ ಫೋನು ಮಾಡಿದ. “ಇನ್ಮೇಲೆ ನೀವು ನಮ್ಮೋರು ಭಾಯ್. ನಮ್ಮ ಸ್ಟೇಜ್ ಮೇಲೂ ಬಂದು ಅದನ್ನೇ ಹೇಳ್ಬಿಡಿ.”

“ನಾನು ಯಾರ ಕಡೆಯವನೂ ಅಲ್ಲ ಸಾರ್. ಕುರ್ಚಿ ಹಾಕೋನು.”

“ಹಂಗಾದ್ರೆ ಅವರ ಕಡೆಯೋನೇ,” ಎಂದು ಫೋನಿಟ್ಟ.

ಆ ವಾರ ನಾಮಕರಣಕ್ಕೆ ಹೇಳಿದ್ದವರೂ ಪಾರ್ಟಿಯವರ ಗಲಾಟೆ ನಮಗ್ಯಾಕೆ ಎಂದು ಬೇರೆಯವರನ್ನು ಹಿಡಿದರು. ಖುದ್ದೂಸ್ ಈಗ ಕಂಬಗಳನ್ನು ಕೊಳ್ಳುವವರನ್ನು ಹುಡುಕುತ್ತಿದ್ದಾರೆ. ಸುದ್ದಿ ಮಾತ್ರ ಹಾಗೇ ಇದೆ. ಅದರ ಕೆಳಗೆ ಎರಡೂ ಪಕ್ಷದವರು ಇವತ್ತಿಗೂ ಅವರನ್ನು ಬೈಯುತ್ತಿದ್ದಾರೆ.