ಪುಕ್ಕಟೆ ರಿಪೇರಿ

ಕುಷ್ಟಗಿಯಲ್ಲಿ ನಾನು ಸೈಕಲ್ ರಿಪೇರಿಗೆ ಬಿಡುವ ಅಂಗಡಿಯವನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಬ್ರೇಕ್ ಬಿಗಿ ಮಾಡು ಎಂದು ಹೋದರೆ ಚೈನು ಸವೆದಿದೆ ಎನ್ನುತ್ತಾನೆ. ಚೈನಿಗೆ ಎಣ್ಣೆ ಬಿಡು ಎಂದರೆ ಗಾಲಿ ಬೆಂಡಾಗಿದೆ ಎನ್ನುತ್ತಾನೆ. ಗಂಡಸರು ಬಂದರೆ ಸ್ಟೂಲ್ ಎಳೆದು ಕೂಡಿಸುವವನು ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ, "ಮನಿಯವ್ರನ್ನ ಕಳಸ್ರಿ ಅಕ್ಕಾರ, ಅವ್ರಿಗೆ ತಿಳಿಸಿ ಹೇಳ್ತೀನಿ" ಎನ್ನುತ್ತಾನೆ. ಸೈಕಲ್ ನನ್ನದು, ತುಳಿಯುವವಳು ನಾನು, ತಿಳಿಸಿ ಹೇಳುವುದು ಮಾತ್ರ ಮನೆಯವರಿಗೆ.

ಊರಾಚೆ ದಾಳಿಂಬೆ ತೋಟಗಳನ್ನು ದಾಟಿದರೆ ಸಿಗುವ ಒಂದು ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯವಿದೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಗೌರವಧನದ ಕೆಲಸವೇ, ಆದರೆ ನಾನೇ ಅರ್ಜಿ ಹಾಕಿ, ನಾನೇ ಓಡಾಡಿ ಪಡೆದದ್ದು. ಸಂಜೆ ಪರೀಕ್ಷೆಗೆ ಓದುವ ಹುಡುಗಿಯರು ಬರುತ್ತಾರೆ. ಅವರು ಎದ್ದ ಮೇಲೆ ಬೀಗ ಹಾಕಿ, ದೀಪ ಹಚ್ಚುವ ಹೊತ್ತಿಗೆ ನಾನು ಮನೆ ಮುಟ್ಟುತ್ತಿದ್ದೆ. ಸೈಕಲ್ ಇದ್ದದ್ದರಿಂದ ಯಾರನ್ನೂ ಕಾಯಬೇಕಿರಲಿಲ್ಲ.

ಈ ಬೇಸಿಗೆಯಲ್ಲಿ ಹಿಂದಿನ ಗಾಲಿ ಕರಕರ ಎನ್ನತೊಡಗಿತು. ಅಂಗಡಿಯವನು ಗಾಲಿ ತಿರುಗಿಸಿ ನೋಡಿ, ಪೂರಾ ಸರ್ವಿಸ್ ಮಾಡಬೇಕೆಂದು ಒಂದು ರೇಟು ಹೇಳಿದ. ಕೇಳಿ ಮೈ ಉರಿಯಿತು. ಅಲ್ಲಿದ್ದವರೆಲ್ಲರ ಎದುರಿಗೆ, "ಸೈಕಲ್ ರಿಪೇರಿ ಮಾಡ್ತೀರೋ, ಹೊಸಾದು ಮಾರ್ತೀರೋ? ಇನ್ನ ಮ್ಯಾಲ ನಿಮ್ಮ ಅಂಗಡಿ ಮೆಟ್ಟಲಾ ತುಳಿಯಂಗಿಲ್ಲ ನೋಡ್ರಿ" ಎಂದು ಬಾಯಿ ಮಾಡಿ ಬಂದೆ. ಅವನು ಬೀಡಿ ಹಚ್ಚಿಕೊಂಡ.

ಮನೆಗೆ ಬಂದು ಇದನ್ನೇ ಉಪ್ಪುಖಾರ ಹಚ್ಚಿ ಹೇಳಿದೆ. ನನ್ನ ಗಂಡ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಏನೇ ಕೆಟ್ಟರೂ ತಾವೇ ಬಿಚ್ಚಬೇಕು ಅವರಿಗೆ. "ಅವಂಗ ಯಾಕ ಕೊಡೂದು? ನಾ ಮಾಡ್ತೀನಿ, ಪುಕ್ಕಟೆ" ಎಂದರು. ಭಾನುವಾರ ಅಂಗಳದಲ್ಲಿ ಹಳೆಯ ಸೀರೆ ಹಾಸಿ ಗಾಲಿ ಬಿಚ್ಚಿದರು. ಒಳಗಿನ ಉಕ್ಕಿನ ಸಣ್ಣ ಗುಂಡುಗಳು ಸವೆದು ಒಡೆದಿದ್ದವು. ಅವಕ್ಕೆ ಬಾಲ್ಸ್ ಎನ್ನುತ್ತಾರೆ, ಅವಿಲ್ಲದೆ ಗಾಲಿ ತಿರುಗುವುದಿಲ್ಲ. ಪೇಟೆಗೆ ಹೋಗಿ ಬಂದು, "ಈ ಸೈಜ್ ಇಲ್ಲಿ ಇಲ್ಲಂತ. ಕೊಪ್ಪಳದಾಗೂ ಸಿಗಂಗಿಲ್ಲ, ಗಂಗಾವತಿಗೆ ಹೇಳೇನಿ" ಎಂದರು. ಸೈಕಲ್ ಗೋಡೆಗೆ ಒರಗಿತು, ಗಾಲಿ ಅದರ ಪಕ್ಕ.

ಅಲ್ಲಿಂದ ನನ್ನ ಟಂಟಂ ಪಡಿಪಾಟಲು ಶುರುವಾಯಿತು. ಸೀಟು ತುಂಬುವವರೆಗೆ ಆ ಆಟೋ ಅಲುಗಾಡುವುದಿಲ್ಲ, ಹಾಗಾಗಿ ಮುಂಜಾನೆ ತಡ. ಸಂಜೆ ಹಳ್ಳಿಯಿಂದ ಕಡೆಯ ಟಂಟಂ ಬೇಗ ಹೊರಡುತ್ತದೆ, ಹಾಗಾಗಿ ಹುಡುಗಿಯರು ಪುಸ್ತಕ ತೆರೆಯುವಷ್ಟರಲ್ಲಿ ನಾನು ಬೀಗ ಹಿಡಿದು ನಿಲ್ಲಬೇಕು. ಮನೆಯಲ್ಲಿ ಬಾಲ್ಸ್ ಕೇಳಿದರೆ ಇವತ್ತು ಬರುತ್ತವೆ, ನಾಳೆ ಬರುತ್ತವೆ. ನನ್ನ ಗಂಡ ಕೆಲಸದಿಂದ ಬರುವಾಗ ನಾನು ಒಲೆಯ ಮುಂದೆ ಇರುತ್ತಿದ್ದೆ. ಬಿಸಿ ರೊಟ್ಟಿ ಮುರಿಯುತ್ತ, "ಅಲ್ಲಿ ಕೊಡೋ ರೊಕ್ಕ ಉಳೀತು ನೋಡು" ಎನ್ನುತ್ತಿದ್ದರು. ನನಗೆ ಆ ರೊಟ್ಟಿಯನ್ನು ಕಸಿದುಕೊಳ್ಳಬೇಕು ಅನಿಸುತ್ತಿತ್ತು.

ಒಂದು ದಿನ ಪಂಚಾಯಿತಿಯ ಸಾಹೇಬರು ಕರೆಸಿದರು. "ಓದೋ ಹುಡುಗ್ಯಾರು ಬಂದು ಕಂಪ್ಲೇಂಟ್ ಮಾಡ್ಯಾರವ್ವಾ. ನಿಮಗ ಆಗಂಗಿಲ್ಲಂದ್ರ ಹೇಳಿಬಿಡ್ರಿ, ಈ ಕೆಲಸಕ್ಕ ಭಾಳ ಮಂದಿ ಕಾಯಾಕತ್ತಾರ" ಎಂದರು. ಕೆಲಸ ಹೋಗುತ್ತದೆ ಎಂಬುದು ಆಗ ನನಗೆ ಹೊಳೆಯಿತು. ಮರುದಿನ ರಜೆ ಹಾಕಿ, ಗಂಡ ಹೊರಗೆ ಹೋದದ್ದೇ ಆಟೋ ಕರೆದು ಸೈಕಲ್ಲನ್ನೂ ಗಾಲಿಯನ್ನೂ ಹಿಂದಿನ ಸೀಟಿನಲ್ಲಿ ತುರುಕಿಕೊಂಡು, ಇನ್ನು ಮೆಟ್ಟಿಲು ತುಳಿಯುವುದಿಲ್ಲ ಎಂದಿದ್ದ ಅದೇ ಅಂಗಡಿಗೆ ಹೋದೆ.

ಅವನು ಬಿಡುತ್ತಾನೆಯೇ? "ಅವತ್ತ ಭಾಳ ಮಾತಾಡಿದ್ರಿ ಅಕ್ಕಾರ" ಎಂದು ಶುರು ಮಾಡಿದ. "ಬಿಚ್ಚಿ ತಂದ ಸೈಕಲ್‌ಗೆ ರೇಟ್ ಬ್ಯಾರೆ."

"ಎಷ್ಟರ ಆಗಲಿ, ಇವತ್ತ ಆಗಬೇಕು" ಎಂದೆ. "ಬಾಲ್ಸ್ ಗಂಗಾವತಿಯಿಂದ ಬರಬೇಕಂತ ಅಲ್ರಿ?"

ಅವನು ನನ್ನ ಮುಖ ನೋಡಿದ. "ಗಂಗಾವತಿ ಯಾಕ್ರಿ? ನಿಮ್ಮ ಮನಿಯವ್ರು ನನ್ನ ಕಡೆಯಿಂದನೇ ಬಾಲ್ಸ್ ಒಯ್ದಾರಲ್ಲ. ನೀವು ಬೈದು ಹೋದಮ್ಯಾಲ ಬಂದ ಭಾನುವಾರನೇ. ನನ್ನ ಕೈಲೇ ಕಟ್ಟಿ ಕೊಟ್ಟೇನಿ."

ನನಗೆ ನಿಂತ ನೆಲ ಬಿಸಿಯಾಯಿತು. ಇಷ್ಟು ದಿನ ಟಂಟಂನಲ್ಲಿ ಮೊಣಕಾಲು ಮಡಚಿ ಕೂತು ಶಪಿಸಿದ್ದು ಈ ಅಂಗಡಿಯವನನ್ನು. ಅವನೋ, ನನ್ನ ಅವಸ್ಥೆ ಕಂಡು ಖುಷಿಪಟ್ಟವನು, ಒಂದು ಪೈಸೆ ಬಿಡಲಿಲ್ಲ. ಬೇರೆ ಬಾಲ್ಸ್ ಹಾಕಿಸಿದೆ. ಗ್ರೀಸ್ ಎಷ್ಟು ಹಚ್ಚುತ್ತಾನೆ, ಯಾವ ಪಾನಾ ಎಲ್ಲಿ ಹಿಡಿಯುತ್ತಾನೆ ಎಂದು ಪಕ್ಕದಲ್ಲೇ ನಿಂತು ನೋಡಿದೆ. "ಸರೀರಿ, ಬೆಳಕಿಗೆ ಅಡ್ಡ ಬರಬ್ಯಾಡ್ರಿ" ಎಂದು ಗದರಿದ. ನಾನು ಸರಿಯಲಿಲ್ಲ.

ಸಂಜೆ ನನ್ನ ಗಂಡ ಬಂದಾಗ ಸೈಕಲ್ ಬಾಗಿಲಲ್ಲೇ ನಿಂತಿತ್ತು. "ಎಷ್ಟು ಕಿತ್ತಕೊಂಡಾ ಅವ?" ಎಂದರು.

"ಅವ ರೊಕ್ಕ ತಗೊಂಡು ಸೈಕಲ್ ಕೊಟ್ಟ. ನೀವು ತಂದ ಬಾಲ್ಸ್ ಎಲ್ಲಿ ಅದಾವು?"

ಸುಳ್ಳು ಹೇಳಲಿಲ್ಲ, ಅದಷ್ಟೇ ಅವರ ದೊಡ್ಡಸ್ತಿಕೆ. ದೇವರ ಗೂಡಿನ ಮೇಲಿಂದ ಕಾಗದದ ಪೊಟ್ಟಣ ತೆಗೆದು ಕಟ್ಟೆಯ ಮೇಲೆ ಇಟ್ಟರು. "ಹಾಕಬೇಕಂತನ ತಂದಿದ್ದೆ" ಎಂದರು. "ಮರದಿನ ನೀ ಹೊತ್ತು ಮುಣಗೂದ್ರೊಳಗ ಮನಿಗೆ ಬಂದಿ. ನಾ ಬರೋದ್ರೊಳಗ ಅಡಗಿ ಆಗಿತ್ತು. ಛಲೋ ಅನಿಸ್ತು, ಸುಮ್ನಾದೆ."

"ನನ್ನ ಕೆಲಸ ಹೋಗ್ತಿತ್ತು."

"ಹೋದ್ರ ಹೋಗ್ತಿತ್ತು. ಮನ್ಯಾಗ ಏನು ಕಡಿಮಿ ಐತಿ?"

ಬೈಗುಳವಾಗಿದ್ದರೆ ತಿರುಗಿ ಬೈಯುತ್ತಿದ್ದೆ. ಅವರು ಅದನ್ನು ನನ್ನ ಮೇಲಿನ ಪ್ರೀತಿ ಎಂಬಂತೆ ಹೇಳಿದರು. ನನಗೆ ಅಸಹ್ಯವಾಯಿತು. ಆ ರಾತ್ರಿ ಅಡುಗೆ ಮಾಡಲಿಲ್ಲ.

ಈಗ ನಾನು ಮೊದಲಿನ ಹೊತ್ತಿಗೇ ಹೋಗಿ ಮೊದಲಿನ ಹೊತ್ತಿಗೇ ಬರುತ್ತೇನೆ. ದೊಡ್ಡ ಕೆಲಸವಿದ್ದರೆ ಅದೇ ಅಂಗಡಿ, ಅದೇ ಜಗಳ. ಬ್ರೇಕು, ಎಣ್ಣೆ, ಹವಾ ಎಲ್ಲ ನನ್ನ ಕೈಯದೇ. ಬಾಲ್ಸ್ ಬದಲಿಸುವುದೂ ಬರುತ್ತದೆ. ಭಾನುವಾರ ಒಮ್ಮೊಮ್ಮೆ ನನ್ನ ಗಂಡ ಕೇಳದೇ ಬಂದು ಚೈನಿಗೆ ಎಣ್ಣೆ ಬಿಡುತ್ತಾರೆ, ನನಗೆ ಕಾಣಲಿ ಎಂದು ನಿಧಾನವಾಗಿ. ಅವರು ಒಳಗೆ ಹೋದ ಮೇಲೆ ಅದನ್ನೆಲ್ಲ ಅರಿವೆಯಿಂದ ಒರೆಸಿ ತೆಗೆದು, ನಾನೇ ಮತ್ತೆ ಎಣ್ಣೆ ಬಿಡುತ್ತೇನೆ.