ಅಂಬುಬಾಯಿ ಕೊಂಡ ಬುಧವಾರಗಳು

ಅಂಬುಬಾಯಿ ದೇವದುರ್ಗದ ಕಡೆಯ ಹಳ್ಳಿಯಿಂದ ಮೊದಲ ಸಲ ಹೈದರಾಬಾದಿಗೆ ಬಂದಾಗ ಅವಳ ಕೈಯ ಹಸಿರು ಬಳೆಗಳು ಇನ್ನೂ ಹೊಸವಾಗಿದ್ದವು. ಮಾಧಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಒಳಗೆ ಕಂಪ್ಯೂಟರಿನ ಕೆಲಸ ನಡೆಯುತ್ತದಂತೆ ಎಂದು ಗಂಡ ಹೇಳಿದ್ದ. ಅದೆಂಥ ಕೆಲಸವೆಂದು ಅವನಿಗೂ ತಿಳಿದಿರಲಿಲ್ಲ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಸಿಮೆಂಟಿನ ಬುಟ್ಟಿ ಇಟ್ಟುಕೊಂಡು ಅಂಬುಬಾಯಿ ಆ ಕಟ್ಟಡಗಳ ಮೆಟ್ಟಿಲು ಹತ್ತಿದಳು. ಮಗ ಸಾಬಣ್ಣ ಮರಳಿನ ಗುಡ್ಡೆಯ ಮೇಲೆ ಆಡುತ್ತ ಬೆಳೆದ. ಗಂಡ ಕಾಮಾಲೆಯಾಗಿ ತೀರಿಕೊಂಡ ಮೇಲೆ ಊರಿಗೆ ಹೋಗಿ ಕ್ರಿಯಾಕರ್ಮ ಮುಗಿಸಿ ಬಂದು ಅವಳು ಮತ್ತೆ ಬುಟ್ಟಿ ಹೊತ್ತಳು. ಬೇರೆ ದಾರಿಯಿತ್ತೇ ಎಂದು ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ.

ಐವತ್ತು ದಾಟುವ ಹೊತ್ತಿಗೆ ಅವಳ ಕುತ್ತಿಗೆ ಕೈಕೊಟ್ಟಿತು. ಎಡಕ್ಕೆ ತಿರುಗಿ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕು. ಹಾಗಾಗಿ ಬುಟ್ಟಿ ಸೊಸೆ ಶಿವಗಂಗಾಳ ತಲೆಗೆ ಏರಿತು. ಮಣಿಕೊಂಡದಲ್ಲಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರ ಸಂಸಾರ. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಕಟ್ಟಡಕ್ಕೆ ಹೋದರೆ ಅಂಬುಬಾಯಿ ನಾಲ್ಕು ವರ್ಷದ ಮೊಮ್ಮಗಳು ಭವಾನಿಯನ್ನು ನೋಡಿಕೊಂಡು, ರೊಟ್ಟಿ ಬಡಿದು, ಪಲ್ಯ ಬೇಯಿಸಿ ಇಡುತ್ತಿದ್ದಳು.

ಅವಳ ಮನಸ್ಸಿನಲ್ಲಿ ಒಂದು ಸಂಗತಿ ಮೊದಲಿಂದಲೂ ಚುಚ್ಚುತ್ತಿತ್ತು. ಅವಳಿಗಿಂತ ಎಷ್ಟೋ ತಡವಾಗಿ ಬಂದ ಹುಡುಗರು ಗಾರೆ ಬಳಿಯುವ ತಾಪಿ ಹಿಡಿದು ಮೇಸ್ತ್ರಿಗಳಾದರು, ಪಗಾರ ಎರಡು ಪಟ್ಟಾಯಿತು. ಹೆಂಗಸರು ಮಾತ್ರ ಬುಟ್ಟಿಯೊಂದಿಗೆ ಬಂದು ಬುಟ್ಟಿಯ ಕೆಳಗೇ ಮುದುಕಿಯರಾದರು. ಕಲಿಯಬಾರದೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಆದರೆ ಕಲಿಯುವ ದಿನ ಕೂಲಿ ಇಲ್ಲ, ಕೂಲಿ ಇಲ್ಲದ ದಿನ ಒಲೆ ಉರಿಯುವುದಿಲ್ಲ.

ಹೀಗಿರುವಾಗ ಊರಿನಿಂದ ಸುದ್ದಿ ಬಂತು. ಕರ್ನಾಟಕ ಸರ್ಕಾರ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ಹಾಕುತ್ತದಂತೆ. ಊರಲ್ಲಿ ಇವರದು ಎರಡು ಖೋಲಿಯ ಮನೆ. ರೇಷನ್ ಕಾರ್ಡು ಅಂಬುಬಾಯಿಯ ಹೆಸರಲ್ಲಿತ್ತು. ಅದರ ಯಜಮಾನಿ ತಾನು ಎನ್ನುವುದು ಅವಳಿಗೆ ಹೊಳೆದದ್ದೇ ಆಗ. ಊರಿಗೆ ಹೋಗಿ ಹೆಸರು ಬರೆಸಿ ಬಂದಳು. ಕೆಲವು ವಾರಗಳಾದ ಮೇಲೆ ಒಂದು ಸಂಜೆ ಸಾಬಣ್ಣನ ಮೊಬೈಲಿಗೆ ಮೆಸೇಜು ಬಂತು.

“ಅವ್ವಾ, ನಿನ್ನ ರೊಕ್ಕ ಬಂದೈತಿ,” ಎಂದ ಸಾಬಣ್ಣ. “ಹಿಂಗ ತಿಂಗಳಾ ಬಂದ್ರ ಕಂತಿನ್ಯಾಗ ಒಂದು ಗಾಡಿ ತಗೋಬಹುದು ನೋಡು.”

“ನೋಡೂಣು,” ಎಂದಳು ಅಂಬುಬಾಯಿ.

ಅವಳ ಬಾಳಿನಲ್ಲಿ ರೂಪಾಯಿ ಕೈಗೆ ಬರುವ ಮುಂಚೆಯೇ ಅದು ಹೋಗಬೇಕಾದ ಜಾಗ ಗೊತ್ತಾಗಿರುತ್ತಿತ್ತು. ಅಕ್ಕಿಗೆ ಇಷ್ಟು, ಎಣ್ಣೆಗೆ ಇಷ್ಟು, ಜ್ವರಕ್ಕೆ ಇಷ್ಟು. ಯಾವ ಜಾಗವೂ ಗೊತ್ತಾಗಿರದ ಹಣ ಇದೇ ಮೊದಲು. ಏನು ಮಾಡಲಿ ಎಂದು ಅವಳು ರೊಟ್ಟಿ ತಟ್ಟುವಾಗ ಯೋಚಿಸಿದಳು, ಭವಾನಿಗೆ ತಲೆ ಬಾಚುವಾಗ ಯೋಚಿಸಿದಳು. ಒಂದು ಸಂಜೆ ಶಿವಗಂಗಾ ಕೆಲಸದಿಂದ ಬಂದವಳು ನೀರು ಕೂಡ ಕುಡಿಯದೆ ಹೊಸ್ತಿಲಲ್ಲಿ ಕೂತು ಕತ್ತಿನ ಹಿಂದೆ ಕೈಯಿಟ್ಟು ಒತ್ತಿಕೊಂಡಳು. ಅಂಬುಬಾಯಿಗೆ ನೋವು ಶುರುವಾದದ್ದೂ ಅಲ್ಲಿಯೇ. ಅವಳು ಒಂದು ತಂಬಿಗೆ ನೀರು ತಂದು ಸೊಸೆಯ ಮುಂದಿಟ್ಟಳು.

“ಒಂದು ದಿನ ಕೆಲಸಕ್ಕ ಹೋಗಲಿಲ್ಲಂದ್ರ ನಿನಗೆಷ್ಟು ಲುಕ್ಸಾನು?” ಎಂದು ಕೇಳಿದಳು.

“ಐದುನೂರು. ಯಾಕ್ರಿ ಅತ್ತಿ?”

“ಹಂಗಾದ್ರ ಸರ್ಕಾರದ ರೊಕ್ಕದಾಗ ವಾರಕ್ಕೊಂದು ದಿನ ನಾ ಕೊಂಡಂಗಾತು. ಆ ದಿನ ನೀ ಬುಟ್ಟಿ ಹೊರಬ್ಯಾಡ. ತಾಪಿ ಹಿಡಿಯೋದು ಕಲಿ.”

ಶಿವಗಂಗಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳು ಎದ್ದು ಹೋಗಿ ಮುಖ ತೊಳೆದುಕೊಂಡಳು.

ಅದೇ ಕಟ್ಟಡದಲ್ಲಿ ಲಿಂಗಸುಗೂರು ಕಡೆಯ ಅಮರೇಶಪ್ಪ ಟೈಲ್ಸ್ ಮೇಸ್ತ್ರಿಯಾಗಿದ್ದ. ಅಂಬುಬಾಯಿಯ ಶೇಂಗಾ ಚಟ್ನಿಗೆ ಸೋತವನು. ಮರುದಿನ ಅವಳು ಚಟ್ನಿಯ ಡಬ್ಬಿ ಹಿಡಿದು ಅವನ ಹತ್ತಿರ ಹೋದಳು.

“ಅಮರೇಶಪ್ಪಣ್ಣ, ನಮ್ಮ ಸೊಸಿಗೆ ಟೈಲ್ಸ್ ಕೂಡ್ಸೋದು ಕಲಿಸ್ರಿ.”

ಅವನು ನಕ್ಕ. “ಹೆಣ್ಮಕ್ಕಳಿಗೆ ಇದನ್ನ ಕಲಿಸಿದವರು ಯಾರದಾರ ಯಕ್ಕಾ? ಬ್ಯಾಡ ಬಿಡ್ರಿ. ಕುಂತು ಕುಂತು ಮೊಣಕಾಲು ಸವೀತಾವ.”

“ಕುತ್ತಿಗಿ ಸವೆದ್ರ ನಡೀತೈತೇನ್ರಿ?”

ಅವಳು ಹಾಗೆ ಕೇಳಿ, ಇಡೀ ಮೈ ತಿರುಗಿಸಿ ಅವನ ಕಡೆ ನೋಡಿದಳು. ಅಮರೇಶಪ್ಪ ಕಿವಿ ತುರಿಸಿಕೊಂಡ.

“ಬುಧವಾರ ಕಳಸ್ರಿ,” ಎಂದ. “ಪಗಾರ ಕೊಡಾಂಗಿಲ್ಲ ಮತ್ತ.”

“ಪಗಾರ ನಾ ಕೊಡ್ತೀನಿ.”

ಸಾಬಣ್ಣನಿಗೆ ಇದು ಸೇರಲಿಲ್ಲ. ಗಾಡಿ ಹೋಯಿತು ಎನ್ನುವುದಕ್ಕಿಂತ, ಜೊತೆಯವರು ಆಡಿಕೊಳ್ಳುತ್ತಾರೆ ಎಂಬುದೇ ಅವನ ಚಿಂತೆ. “ನಿನ್ನ ಹೇಣ್ತಿ ಮೇಸ್ತ್ರಿ ಆಗ್ತಾಳಂತ, ನೀ ಬುಟ್ಟಿ ಹೊರ್ತೀಯೇನು ಅಂತ ಕೇಳಾಕತ್ತಾರ,” ಎಂದು ತಾಯಿಯ ಮುಂದೆ ಗೊಣಗಿದ. “ಹೊತ್ರ ಏನಾತು? ನಾ ನಿನ್ನೂ ಹೊತ್ತೀನಿ, ಬುಟ್ಟೀನೂ ಹೊತ್ತೀನಿ,” ಎಂದಳು ಅವಳು. ಅಲ್ಲಿಗೆ ಆ ಮಾತು ನಿಂತಿತು, ಮುನಿಸು ನಿಲ್ಲಲಿಲ್ಲ.

ಶಿವಗಂಗಾಳ ಬುಧವಾರಗಳು ಟೈಲ್ಸ್ ಒರೆಸುವುದರಿಂದ ಶುರುವಾದವು. ಆಮೇಲೆ ಸಂದಿಗೆ ಬಿಳಿ ಸಿಮೆಂಟು ತುಂಬುವುದು, ದಾರ ಕಟ್ಟುವುದು, ರಸಮಟ್ಟ ಇಟ್ಟು ಅದರೊಳಗಿನ ಗುಳ್ಳೆ ನಡುವೆ ನಿಲ್ಲುವ ತನಕ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯುವುದು. ಮನೆಗೆ ಬಂದು ಅವಳು ಅತ್ತೆಗೆ ಎಲ್ಲವನ್ನೂ ಹೇಳುತ್ತಿದ್ದಳು. ಅಂಬುಬಾಯಿ ಒಲೆಯ ಮುಂದೆ ಕೂತು, ಬೇರೆ ಯಾವುದೋ ದೇಶದ ಸುದ್ದಿ ಕೇಳುವವಳಂತೆ ಕೇಳುತ್ತಿದ್ದಳು.

ಕೊನೆಗೊಂದು ದಿನ ಅಮರೇಶಪ್ಪ ಒಂದು ಬಚ್ಚಲು ಮನೆಯ ನೆಲವನ್ನು ಅವಳಿಗೇ ಬಿಟ್ಟ. ನೋಡಲು ಚೆಂದವಾಗಿಯೇ ಬಂತು. ಆದರೆ ನೀರು ಸುರಿದು ನೋಡಿದರೆ ವಾಟ ತಪ್ಪಿತ್ತು. ನೀರು ತೂತಿನ ಕಡೆ ಹರಿಯದೆ ಮೂಲೆಯಲ್ಲಿ ನಿಂತುಬಿಟ್ಟಿತು. ಸೂಪರ್‌ವೈಸರ್ ಬಂದು ಎಲ್ಲರ ಮುಂದೆ ರೇಗಿ, ಟೈಲ್ಸ್ ಕೀಳಿಸಿದ. ಶಿವಗಂಗಾ ಮನೆಗೆ ಬಂದವಳೇ ತಾಪಿಯನ್ನು ಮೂಲೆಗೆ ಎಸೆದಳು.

“ಸಾಕ್ರಿ ಅತ್ತಿ. ನನ್ನ ಕೈಲೆ ಆಗಾಂಗಿಲ್ಲ. ನಿಮ್ಮ ರೊಕ್ಕ ಸುಮ್ನ ನೀರಾಗ ಹೊಂಟೈತಿ.”

ಅಂಬುಬಾಯಿ ತಾಪಿ ಎತ್ತಿ, ಸೆರಗಿನಿಂದ ಒರೆಸಿ, ಸೊಸೆಯ ಮುಂದಿಟ್ಟಳು. “ನಾ ಬುಧವಾರ ಕೊಟ್ಟದ್ದು ಕಲಿಯಾಕ. ಕಲಿಯಾಕಂದ್ರ ಕೆಡಸಾಕೂ ಬೇಕಲ್ಲವ್ವ. ಮೊದಲ ರೊಟ್ಟಿ ಯಾರದು ದುಂಡಗ ಬಂದೈತಿ?”

ಮುಂದಿನ ಬುಧವಾರ ಶಿವಗಂಗಾ ಹೋದಳು.

ಆ ತಿಂಗಳಲ್ಲೇ ಅಂಬುಬಾಯಿಗೆ ಬೇರೊಂದು ತೊಡಕು ಎದುರಾಯಿತು. ಅವಳು ಮಣಿಕೊಂಡದ ಒಂದು ಅಂಗಡಿಯಲ್ಲಿ ಮಶೀನಿಗೆ ಹೆಬ್ಬೆಟ್ಟು ಒತ್ತಿ ಹಣ ತೆಗೆಯುತ್ತಿದ್ದಳು. ಮೊದಲೂ ಎರಡು ಮೂರು ಸಲ ಒತ್ತಿದ ಮೇಲೆಯೇ ಒಪ್ಪುತ್ತಿದ್ದ ಮಶೀನು ಆ ಸಲ ಒಪ್ಪಲೇ ಇಲ್ಲ. ಅಂಗಡಿಯವನು ಬೆರಳನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದ, ಹತ್ತೂ ಬೆರಳು ಒತ್ತಿಸಿ ನೋಡಿದ. ಕೊನೆಗೆ ತೆಲುಗಿನಲ್ಲಿ, ಗೆರೆಗಳೇ ಉಳಿದಿಲ್ಲವಮ್ಮಾ, ಸಿಮೆಂಟು ತಿಂದುಬಿಟ್ಟಿದೆ ಎಂದ. ಊರಿನ ಬ್ಯಾಂಕಿಗೇ ಹೋಗಿ ಎಟಿಎಂ ಕಾರ್ಡು ಮಾಡಿಸಿಕೊಳ್ಳಬೇಕಂತೆ. ಅಷ್ಟು ದೂರದ ಪ್ರಯಾಣಕ್ಕೆ ಮಗ ರಜೆ ಹಾಕಬೇಕು, ಮೊದಲೇ ಮುನಿಸಿಕೊಂಡಿರುವ ಮಗ. ಅಂಬುಬಾಯಿ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿರುಗಿದಳು. ಮನೆಯಲ್ಲಿ ಹೇಳಲಿಲ್ಲ.

ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿ ಕಡೆಯ ಎಷ್ಟೋ ಗಂಡಸರು ಹೆಂಡಿರನ್ನು ಊರಲ್ಲಿ ಬಿಟ್ಟು ಬಂದು ಮೂರು ಹೊತ್ತೂ ಅನ್ನ ಉಂಡು ಬೇಸತ್ತಿದ್ದರು. ಬುಧವಾರದ ಹಣ ಹೊಂದಿಸಲು ಅಂಬುಬಾಯಿ ಅವರಿಗೆ ಗುಟ್ಟಾಗಿ ಜೋಳದ ರೊಟ್ಟಿ ಮಾಡಿ ಮಾರತೊಡಗಿದಳು. ಮಗ, ಸೊಸೆ ಏಳುವ ಮುಂಚೆ ಹೊರಗಿನ ಕಲ್ಲೊಲೆಯ ಮುಂದೆ ಕೂತು, ಬಗ್ಗದ ಕುತ್ತಿಗೆಯನ್ನು ನೆಟ್ಟಗಿಟ್ಟುಕೊಂಡೇ ಬಡಿಯುತ್ತಿದ್ದಳು. ವಾರದ ಐದುನೂರನ್ನು ಶಿವಗಂಗಾಳ ಕೈಗೆ ಇಡುವಾಗ ಅವಳ ಮುಖದಲ್ಲಿ ವ್ಯತ್ಯಾಸವೇ ಇರಲಿಲ್ಲ. ಒಂದು ಬುಧವಾರವೂ ತಪ್ಪಲಿಲ್ಲ.

ಅದನ್ನು ಕಂಡುಹಿಡಿದದ್ದು ಸಾಬಣ್ಣ. ಒಂದು ನಸುಕಿನಲ್ಲಿ ನೀರಿಗೆಂದು ಎದ್ದವನು ತಾಯಿ ರೊಟ್ಟಿಯ ರಾಶಿಯ ಪಕ್ಕದಲ್ಲಿ ಕೂತು ಕುತ್ತಿಗೆಗೆ ಬಿಸಿ ಬಟ್ಟೆ ಒತ್ತಿಕೊಳ್ಳುತ್ತಿರುವುದನ್ನು ನೋಡಿದ.

“ಏನವ್ವ ಇದು? ಸರ್ಕಾರದ ರೊಕ್ಕ ಎಲ್ಲಿ ಹೋತು?”

ಅವಳು ಬೆರಳು ತೋರಿಸಿ, “ಮಶೀನು ಇವನ್ನ ಒಪ್ಪವಲ್ದು. ಊರಿನ ಬ್ಯಾಂಕಿಗೆ ಹೋಗಬೇಕಂತ,” ಎಂದಳು. ಸಾಬಣ್ಣ ಅವುಗಳನ್ನು ಹಿಡಿದು ಒಲೆಯ ಬೆಳಕಿಗೆ ತಂದು ನೋಡಿದ. ನುಣ್ಣಗಿದ್ದವು. ಚಿಕ್ಕವನಿದ್ದಾಗ ಮರಳಿನ ಗುಡ್ಡೆಯಿಂದ ತನ್ನನ್ನು ಎತ್ತಿಕೊಳ್ಳುತ್ತಿದ್ದ ಬೆರಳುಗಳು ಒರಟಾಗಿದ್ದವೆಂದು ಅವನಿಗೆ ನೆನಪು. ಅವನು ಒಲೆಗೆ ಎರಡು ಕಟ್ಟಿಗೆ ಒಟ್ಟಿ ಅಲ್ಲೇ ಕೂತ. ಆ ವಾರವೇ ರಜೆ ಹಾಕಿ ತಾಯಿಯನ್ನು ಊರಿಗೆ ಕರೆದುಕೊಂಡು ಹೋಗಿ ಬ್ಯಾಂಕಿನ ಕೆಲಸ ಮುಗಿಸಿದ. ಬರುವಾಗ ಊರಿನಿಂದ ಒಂದು ಚೀಲ ಜೋಳ ಹೊತ್ತು ತಂದ. ಗಾಡಿಯ ಮಾತನ್ನು ಮತ್ತೆ ಎತ್ತಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಶಿವಗಂಗಾಳ ಕೈ ಕುದುರಿತು. ಅಮರೇಶಪ್ಪ ಮಗಳ ಮದುವೆಗೆಂದು ಊರಿಗೆ ಹೋದಾಗ ಎತ್ತರದ ಮಹಡಿಯ ಒಂದು ಫ್ಲಾಟು ಅರ್ಧಕ್ಕೆ ನಿಂತಿತ್ತು. ಅದನ್ನು ಕೊಂಡ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವ ಯಾರದೋ ಗೃಹಪ್ರವೇಶ ಹತ್ತಿರ ಬಂದಿತ್ತು. ಗುತ್ತಿಗೆದಾರ ಬೇರೆ ಮೇಸ್ತ್ರಿ ಸಿಗದೆ ಪೇಚಾಡುತ್ತಿದ್ದಾಗ ಅಮರೇಶಪ್ಪ ಫೋನಿನಲ್ಲಿ, “ಶಿವಗಂಗಾ ಅದಾಳಲ್ಲ, ಆಕಿಗೆ ಕೊಡ್ರಿ. ಕೆಟ್ರ ನಾ ಬಂದು ಕಿತ್ತು ಕೂಡಿಸ್ತೀನಿ,” ಎಂದ. ಕೈಯಾಳು ಬೇಕಿತ್ತು. ಹೆಂಗಸಿನ ಕೈಕೆಳಗೆ ಸಿಮೆಂಟು ಕಲಸಿಕೊಡಲು ಯಾರೂ ಮುಂದೆ ಬರಲಿಲ್ಲ. ಸಾಬಣ್ಣ ಸ್ವಲ್ಪ ಹೊತ್ತು ಕೆಳಗೆ ನಿಂತಿದ್ದು, ಬೀಡಿ ಆರಿಸಿ, ಬುಟ್ಟಿ ಹೊತ್ತು ಮೇಲೆ ಹೋದ.

ಕಿತ್ತು ಕೂಡಿಸುವ ಪ್ರಸಂಗ ಬರಲಿಲ್ಲ. ಬಚ್ಚಲು, ಬಾಲ್ಕನಿ ಎರಡರಲ್ಲೂ ಸುರಿದ ನೀರು ಕಣ್ಣೆದುರೇ ತೂತಿಗೆ ಹರಿದು ಹೋಯಿತು. ಗುತ್ತಿಗೆದಾರ ಮೊದಲು ಗಂಡಸರಿಗಿಂತ ಕಡಿಮೆ ಕೂಲಿ ಕೊಡಲು ನೋಡಿದ. ಶಿವಗಂಗಾ ತಾಪಿ ಒರೆಸಿ ಚೀಲಕ್ಕೆ ಹಾಕಿಕೊಂಡು, “ಹಂಗಾದ್ರ ನಾಳೆ ಬ್ಯಾರೆದವರನ್ನ ಕರೀರಿ,” ಎಂದಳು. ಅವನು ಕೊಟ್ಟ.

ಈಗ ಅವರು ತಗಡಿನ ಶೆಡ್ಡಿನಲ್ಲಿಲ್ಲ. ಗಟ್ಟಿ ಗೋಡೆಯ, ನಳ ಇರುವ ಬಾಡಿಗೆ ಖೋಲಿ ಮಾಡಿದ್ದಾರೆ. ಭವಾನಿ ಶಾಲೆಗೆ ಹೋಗುತ್ತಾಳೆ. ಊರಲ್ಲೊಂದು ಕಾಲು ಇಲ್ಲೊಂದು ಕಾಲು ಎಂದು ವರ್ಷಕ್ಕೆರಡು ಸಲ ಅವಳನ್ನು ಎತ್ತಿಕೊಂಡು ಓಡಾಡುವುದು ತಪ್ಪಿದೆ. ಅಂಬುಬಾಯಿಯ ಕುತ್ತಿಗೆ ವಾಸಿಯಾಗಿಲ್ಲ. ಸೊಸೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ, ಕುತ್ತಿಗೆಗೆ ದಪ್ಪ ಪಟ್ಟಿ ಹಾಕಿಸಿದ್ದಾಳೆ. ಆ ಪಟ್ಟಿ ಕಟ್ಟಿಕೊಂಡು ಅಜ್ಜಿ ನಡೆದರೆ ಪೊಲೀಸಿನವಳ ಠೀವಿ ಬರುತ್ತದೆ ಎಂದು ಭವಾನಿ ನಗುತ್ತಾಳೆ.

ಸರ್ಕಾರದ ಹಣ ಅಂಬುಬಾಯಿಗೆ ಈಗಲೂ ಬರುತ್ತದೆ. ಮೊನ್ನೆ ಹಳೆಯ ಶೆಡ್ಡಿನ ಮಂದಾಕಿನಿ ಎಂಬ ಹುಡುಗಿ ಬಂದು, ತಾನೂ ಕಲಿಯಬೇಕು, ಆದರೆ ಯಜಮಾನಿಯ ಹಣ ಊರಲ್ಲಿರುವ ಅತ್ತೆಯ ಹೆಸರಿಗೆ ಬರುತ್ತದೆ, ಆಕೆ ಒಪ್ಪುವವಳಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಿದಳು.

ಅಂಬುಬಾಯಿ ಅವಳನ್ನು ಒಳಗೆ ಕರೆದು ಕೂಡಿಸಿದಳು. “ನಿಮ್ಮತ್ತಿ ಒಪ್ಪೋ ತನಕ ಬುಧವಾರ ನನ್ನ ಲೆಕ್ಕಕ್ಕ,” ಎಂದಳು. “ಯಾವೂರವ್ವ ನಿಮ್ಮತ್ತಿದು?”

“ಸುರಪುರದ ಹಂತ್ಯಾಕ ಬರ್ತೈತ್ರಿ.”

“ಆಕೀಗೂ ಕುತ್ತಿಗಿ ನೋವು ಐತೇನು?”

“ಭಾಳ ಐತ್ರಿ. ರಾತ್ರಿ ನಿದ್ದೀನ ಮಾಡಂಗಿಲ್ಲ.”

“ಹಂಗಾದ್ರ ನಾ ಹೋಗಿ ಹೇಳಿದ್ರ ತಿಳೀತೈತಿ ಆಕೀಗೆ,” ಎಂದಳು ಅಂಬುಬಾಯಿ. ಸುರಪುರದ ಬಸ್ಸು ಎಷ್ಟು ಹೊತ್ತಿಗೆ ಬಿಡುತ್ತದೆಂದು ವಿಚಾರಿಸಿ ಬರಲು ಸಾಬಣ್ಣನನ್ನು ಕಳಿಸಿ, ದಾರಿಗೆ ಬುತ್ತಿ ಕಟ್ಟಲು ಎದ್ದಳು.